ಎರಡನೇ ಸಲ ಕರೆದರೆ ಮಾತ್ರ

ನನ್ನಂಥವರಿಗೆ ನಗಿಸುವ ಮಾತು ಆಡಲು ಬರುವುದಿಲ್ಲ. ಆಡುವ ಅಗತ್ಯವೂ ಬೀಳುವುದಿಲ್ಲ. ಸುಮ್ಮನೆ ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಕು, ಎದುರಿನವರು ಒಂದೋ ನಗುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ. ಈ ನಡುವೆ ಎದ್ದು ಹೋಗುವವರೇ ಹೆಚ್ಚು.

ಶಹಾಪುರದಲ್ಲಿ ಜಂಪರು ಹೊಲಿಯುವವಳು ನಾನು. ನಲವತ್ತು ದಾಟಿದ ಮೇಲೆ ಯಾದಗಿರಿಯ ಡಾಕ್ಟರಮ್ಮ ಒಬ್ಬರು ನನಗೆ ಆಟಿಸಂ ಇದೆ ಎಂದು ಹೇಳಿದರು. ಅಲ್ಲಿಯವರೆಗೆ ನನಗಿರುವುದು ಸೊಕ್ಕು ಎಂದು ಇಡೀ ಓಣಿ ತಿಳಿದಿತ್ತು. ಹೊಸ ಹೆಸರನ್ನು ಓಣಿಗೆ ತಿಳಿಸಿದೆ. "ಸೊಕ್ಕಿಗೂ ಡಾಕ್ಟರ್ ಅದಾರೇನವ್ವಾ?" ಎಂದು ಬಾಜೂ ಮನೆಯವಳು ಕೇಳಿದಳು.

ಬೆಂಚು

ಅದೇ ಡಾಕ್ಟರಮ್ಮ ಒಂದು ದಿನ ನಮ್ಮಂಥ ಮೂವರನ್ನು ಒಟ್ಟಿಗೆ ಕರೆಸಿದ್ದರು. ನಾನೊಬ್ಬಳು. ಇನ್ನೊಬ್ಬರು ಶಹಾಪುರದವರೇ, ನಮ್ಮ ಹಿಂದಿನ ಓಣಿಯ ಹೈಸ್ಕೂಲು ಮಾಸ್ತರರು, ಒಂಟಿ ಜೀವ. ಮೂರನೆಯವನು ಕೆಂಭಾವಿಯಿಂದ ತಾಯಿಯ ಜೊತೆ ಬಂದಿದ್ದ. ಮೂವತ್ತೈದರ ಆಸುಪಾಸಿನ ಗಂಡಸು, ತಾಯಿಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದ.

"ನೀವು ಮೂರೂ ಮಂದಿ ಒಬ್ಬರಿಗೊಬ್ಬರು ಆಸರಾಗಬಹುದು. ಹೊರಗ ಕುಂತು ಮಾತಾಡ್ರಿ," ಎಂದರು ಡಾಕ್ಟರಮ್ಮ.

ನಾವು ಬೆಂಚಿನ ಮೇಲೆ ಕೂತೆವು. ಮಧ್ಯಾಹ್ನವಿಡೀ ಒಬ್ಬರೂ ಒಂದು ಮಾತೂ ಆಡಲಿಲ್ಲ. ಯಾರೂ ನನ್ನ ಮುಖ ನೋಡಲಿಲ್ಲ, ಯಾಕೆ ಸಪ್ಪಗಿದ್ದಿ ಎಂದು ಕೇಳಲಿಲ್ಲ. ಜೀವಮಾನದಲ್ಲಿ ಅಷ್ಟು ಆರಾಮಾಗಿ ನಾನು ಜನರ ನಡುವೆ ಕೂತದ್ದೇ ಇಲ್ಲ. ಆಯಾ ಓಡಿಹೋಗಿ, "ಮೇಡಮ್ಮರ, ಆ ಮೂರೂ ಮಂದಿ ಜಗಳಾ ಮಾಡ್ಕೊಂಡಾರ್ರಿ," ಎಂದು ವರದಿ ಒಪ್ಪಿಸಿದಳು. ಡಾಕ್ಟರಮ್ಮ ಗಾಬರಿಯಿಂದ ಬಂದು, "ಮತ್ತ ಭೆಟ್ಟಿ ಆಗ್ತೀರೇನು?" ಎಂದರೆ ಮೂವರೂ ಒಂದೇ ಉಸಿರಿಗೆ "ಹೌದ್ರಿ" ಎಂದೆವು.

ಹೊರಡುವಾಗ ಕೆಂಭಾವಿಯವನ ತಾಯಿ ನನ್ನ ಕೈ ಹಿಡಿದುಕೊಂಡರು. ನನಗೆ ಕೈ ಹಿಡಿದರೆ ಆಗುವುದಿಲ್ಲ, ಆದರೂ ಬಿಡಿಸಿಕೊಳ್ಳಲಿಲ್ಲ. ಅವರಿಗೆ ಕೆಮ್ಮು ಬಹಳವಿತ್ತು. "ದೊಡ್ಡ ಮಗ ಯಾದಗಿರ್ಯಾಗ ಅಂಗಡಿ ಇಟ್ಟಾನವ್ವಾ. ನೀ ಕಣ್ಣು ಮುಚ್ಚಿದ ದಿನಾನ ಇವನ್ನ ಆಶ್ರಮಕ್ಕ ಹಾಕ್ತೀನಿ ಅಂತಾನ. ನನ್ನ ಹಿಂದ ಇವನ್ನ ಯಾರು ನೋಡ್ತಾರವ್ವಾ?"

"ನನಗ ಗೊತ್ತಿಲ್ರಿ," ಎಂದೆ.

ಆಕೆ ನನ್ನನ್ನೇ ನೋಡಿ, ಕೆಮ್ಮುತ್ತಾ ನಕ್ಕರು. "ಇಷ್ಟು ವರ್ಷ ಎಲ್ಲಾರೂ ದೇವರದಾನ, ದೇವರದಾನ ಅಂತಿದ್ರು. ನೀ ಒಬ್ಬಾಕಿ ಖರೇ ಹೇಳಿದಿ ನೋಡು."

ಬುತ್ತಿ

ನಮ್ಮ ಕಡೆ ಹೊಲದಲ್ಲಿ ಬುತ್ತಿ ಬಿಚ್ಚಿದವರು ದಾರಿಹೋಕರನ್ನು ಕರೆಯದೆ ತುತ್ತು ಎತ್ತುವುದಿಲ್ಲ. "ಬರ್ರಿ, ಊಟ ಮಾಡೂಣು" ಎನ್ನುತ್ತಾರೆ. ಹೋಗುವವರು "ನಂದು ಆತ್ರಿ, ನೀವು ಮಾಡ್ರಿ" ಎಂದು ಹೋಗುತ್ತಾರೆ. ಕರೆದವರ ಬುತ್ತಿಯಲ್ಲಿ ಹೆಚ್ಚಿನ ರೊಟ್ಟಿ ಇರುವುದಿಲ್ಲ, ಹೋಗುವವರ ಊಟ ಆಗಿರುವುದಿಲ್ಲ. ಇದು ಚಿಕ್ಕ ಮಕ್ಕಳಿಗೂ ಗೊತ್ತು. ಕೆಂಭಾವಿಯಾತನಿಗೆ ಗೊತ್ತಿರಲಿಲ್ಲ.

ಅವನಿಗೆ ಕಾಲುವೆಯ ನೀರು ನೋಡುವ ಹುಚ್ಚು. ನೀರು ಬಿಟ್ಟ ದಿನದಿಂದ ದಂಡೆ ಹಿಡಿದು ನಡೆಯುತ್ತಾ ಇರುತ್ತಾನೆ. ಭತ್ತದ ನಾಟಿಯ ಹಂಗಾಮು. ದಂಡೆಯುದ್ದಕ್ಕೂ ಆಳುಗಳು ಉಣ್ಣಲು ಕೂತಿರುತ್ತಾರೆ, ಎಲ್ಲರೂ ಕರೆಯುತ್ತಾರೆ. ಇವನು ಕರೆದಲ್ಲೆಲ್ಲ ಕೂತು ಉಂಡು, ಸಂಜೆ ಮನೆಗೆ ಬಂದು ಎಲ್ಲವನ್ನೂ ಕಾರಿಕೊಳ್ಳುವುದು. ಕೆಲವೇ ದಿನಗಳಲ್ಲಿ ಆಳುಗಳು ಇವನನ್ನು ದೂರದಿಂದ ಕಂಡರೆ ಬುತ್ತಿಯ ಅರಿವೆ ಮುಚ್ಚಿ, ಬೆನ್ನು ಮಾಡಿ ಕೂರತೊಡಗಿದರು. "ನನ್ನ ಮಗನ್ನ ನೋಡಿ ಊರಿಗೂರೇ ಬೆನ್ನು ತಿರುವತೈತ್ರಿ," ಎಂದು ತಾಯಿ ಅತ್ತರು.

ಶಾಲೆಗೆ ರಜೆ ಇರುವ ಐತವಾರ ನಾವು ಮೂವರೂ ಅವನ ಮನೆಯಲ್ಲಿ ಸೇರುತ್ತಿದ್ದೆವು. ಅಲ್ಲಿ ಮಾಸ್ತರರು ಅವನನ್ನು ಕೂರಿಸಿಕೊಂಡು ನೇಮ ಹೇಳಿಕೊಟ್ಟರು. ತಾವೂ ಹೀಗೇ ಏಟು ತಿಂದು ಕಲಿತದ್ದು. "ನೋಡು ತಮ್ಮಾ, ಮೊದಲನೇ ಸಲ ಕರದ್ರ ಅದು ಬಾಯಿ ಮಾತು. ಸುಮ್ಮ ನಿಂದ್ರು. ಎರಡನೇ ಸಲ ಕರದ್ರ ಅದು ಮನಸಿನ ಮಾತು. ಆವಾಗ ಹೋಗು."

ಮುಂದಿನ ಐತವಾರ ಕೇಳಿದೆವು, ಹೇಗೆ ನಡೆದಿದೆ ಎಂದು. ಯಾರಾದರೂ ರೂಢಿಗೆ ಬಾಯಿ ತಪ್ಪಿ ಕರೆದರೆ, ಅವನು ಅವರ ಎದುರು ಕಂಬದ ಹಾಗೆ ನಿಂತು, ಅವರ ರೊಟ್ಟಿಯನ್ನೇ ನೋಡುತ್ತಾ, ಎರಡನೇ ಕರೆಗಾಗಿ ಕಾಯುತ್ತಿದ್ದನಂತೆ. ಹಾಗೆ ನಿಂತವನ ಎದುರು ಯಾರ ಗಂಟಲಲ್ಲಿ ತುತ್ತು ಇಳಿದೀತು?

"ನಿಮ್ಮ ನೇಮ ಭಾಳ ಛಲೋ ಐತ್ರಿ ಸರ," ಎಂದ. "ಎಲ್ಲಾರೂ ಎರಡು ಸಲ ಕರೀತಾರ."

ನನ್ನನ್ನು ನೋಡಲು ಬಂದದ್ದು

ಒಂದು ಐತವಾರ ನನ್ನ ಮದುವೆ ಯಾಕೆ ಆಗಲಿಲ್ಲ ಎಂಬ ಮಾತು ಬಂತು. ಆಗಲಿಕ್ಕೆ ಬಂದಿತ್ತು. ಹುಣಸಗಿ ಕಡೆಯ ಎರಡನೇ ಸಂಬಂಧ, ಕಾಲುವೆ ನೀರಿನ ಹೊಲ, ಗಟ್ಟಿ ಮನೆ. ಚಹಾ ಕೊಟ್ಟೆ. ಹುಡುಗನ ತಾಯಿ, "ನೀನೂ ಏನರ ಕೇಳೂದಿದ್ರ ಕೇಳವ್ವಾ, ನಾಚಬ್ಯಾಡ," ಎಂದರು. ನಾಚಲಿಲ್ಲ.

"ನಿಮ್ಮ ಮೊದಲನೇ ಸೊಸಿ ಹೆಂಗ ಸತ್ಳು?" ಎಂದು ಕೇಳಿದೆ.

ಬಸಿಯಲ್ಲಿದ್ದ ಚಹಾ ಬಸಿಯಲ್ಲೇ ಉಳಿಯಿತು. ಅವರು ಬಂದ ಜೀಪು ಮೂಲೆ ದಾಟುವ ಮೊದಲೇ ನಮ್ಮ ಚಿಕ್ಕಮ್ಮ ನನ್ನ ಬೆನ್ನಿಗೆ ಗುದ್ದಿದಳು. "ಬಾಯಿ ಮುಚ್ಚಿಕೊಂಡಿದ್ರ ಒಂದು ಮನಿ ಸೇರತಿದ್ದೆಲ್ಲ!" ಆ ಹೆಣ್ಣುಮಗಳು ಬಾವಿಗೆ ಬಿದ್ದು ಸತ್ತಿದ್ದಳೆಂದು ನಮಗೆ ತಿಳಿದದ್ದು ಆಮೇಲೆ.

ಇದನ್ನು ಕೇಳಿ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಚಿಕ್ಕಮ್ಮ ಹೇಳಿದ್ದು ತಪ್ಪು," ಎಂದರು. "ನೀವು ಸೇರತಿದ್ದದ್ದು ಬಾವಿ."

ಗಾಳಿ ಬಿಡಿಸಿದ್ದು

ಕೆಂಭಾವಿಯಾತನ ಅಣ್ಣನಿಗೆ ಡಾಕ್ಟರಮ್ಮನ ಮಾತು ಹಿಡಿಸಲಿಲ್ಲ. ತಮ್ಮನಿಗೆ ದೆವ್ವದ ಗಾಳಿ ಹಿಡಿದಿದೆ ಎಂದು ಯಾರೋ ಹೇಳಿದ್ದರು. ಹತ್ತಿಕುಣಿಯ ಆಚೆಗೆ ಗಾಳಿ ಬಿಡಿಸುವವನೊಬ್ಬನಿದ್ದ. ತಾಯಿ ಜ್ವರದಲ್ಲಿ ಮಲಗಿದ್ದಾಗ ಅಣ್ಣ ಇವನನ್ನು ಅಲ್ಲಿಗೆ ಕರೆದೊಯ್ದ. ಬೇವಿನ ಟೊಂಗೆಯಿಂದ ಹೊಡೆಯುತ್ತಾ ಗಾಳಿ ಬಿಡಿಸುವವನು ಗಾಳಿಗೆ ಪ್ರಶ್ನೆ ಕೇಳತೊಡಗಿದ.

"ಯಾರು ನೀನು? ಹೇಳು!"

ಇವನು ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಹೇಳಿದ.

"ಎಲ್ಲಿಂದ ಬಂದಿ?"

"ಕೆಂಭಾವಿಂದ್ರಿ."

"ಇವನ ಮೈಯಾಗ ಹೆಂಗ ಬಂದಿ?"

"ಬಸ್ಸಿಗೆ ಬಂದೀನ್ರಿ. ಸುರಪುರದಾಗ ಬಸ್ಸು ಬದಲಿ ಮಾಡಿದ್ವಿ."

ಹೊಡೆತ ಜೋರಾಯಿತು. "ಬಿಟ್ಟು ಹೋಗ್ತಿಯೋ ಇಲ್ಲೋ?"

"ಹೋಗ್ತೀನ್ರಿ, ಹೋಗ್ತೀನಿ! ನಮ್ಮಣ್ಣಗ ಹೇಳ್ರಿ, ಆವಾಗಿಂದ ಮನಿಗೆ ಹೋಗೂಣು ಅನ್ನಾಕತ್ತೀನಿ!"

ಟೊಂಗೆ ಮುರಿಯಿತು. ಗಾಳಿ ಬಿಡಿಸುವವನು ಬೆವರು ಒರೆಸಿಕೊಂಡು, ಇಂಥ ಮರ್ಯಾದಸ್ಥ ಗಾಳಿಯನ್ನು ತಾನು ಕಂಡಿಲ್ಲ ಎಂದನಂತೆ. ಇದನ್ನು ಕೆಂಭಾವಿಯಾತನೇ ನಮಗೆ ಹೇಳಿದ್ದು, ಅಂಗಿ ಎತ್ತಿ ಬೆನ್ನು ತೋರಿಸುತ್ತಾ. ನಾವು ನಕ್ಕೆವು. ನಕ್ಕು ಮುಗಿದ ಮೇಲೆ ಆ ಬೆನ್ನನ್ನು ನೋಡಿದೆವು. ನನಗೆ ಅವನ ಅಣ್ಣನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಲು ಹೋದರೆ ಮುಟ್ಟಿಸಿಕೊಳ್ಳಲಿಲ್ಲ.

"ಅಕ್ಕಾ, ಅಂವ ಇಷ್ಟು ಕೇಳಿದ," ಎಂದ. "ನಾನೂ ಒಂದು ಕೇಳಬೇಕಂತಿದ್ದೆ. ಯಾಕ ಹೊಡ್ಯಾಕತ್ತೀರಿ ಅಂತ. ಅಂವ ನನ್ನ ಪಾಳಿ ಕೊಡಲೇ ಇಲ್ಲ."

ಖಾಲಿ ಕಾಲುವೆ

ಬೇಸಿಗೆಯಲ್ಲಿ ಕಾಲುವೆ ಬಂದ್ ಮಾಡುತ್ತಾರೆ. ಆ ವರ್ಷ ನೀರು ನಿಂತಾಗ ಅವನ ತಾಯಿಯೂ ಹಾಸಿಗೆ ಹಿಡಿದರು. ಒಮ್ಮೆಗೇ ಎರಡೂ. ಅವನು ದಂಡೆಯ ಮೇಲೆ ಕೂತು ತಲೆ ಬಡಿದುಕೊಳ್ಳುತ್ತಿದ್ದ. ಸಮಾಧಾನದ ಮಾತು ನಮಗೆ ಬರುವುದಿಲ್ಲ. ಹಾಗಾಗಿ ನಾನೂ ಮಾಸ್ತರರೂ ಹೋಗಿ ಅವನ ಬಾಜೂಕ ಕೂತು, ಅವನು ನೋಡುವ ಕಡೆ ನೋಡತೊಡಗಿದೆವು. ಸ್ವಲ್ಪ ಹೊತ್ತಿಗೆ ಬಡಿದುಕೊಳ್ಳುವುದು ನಿಂತಿತು.

ಒಬ್ಬ ರೈತ ಸೈಕಲ್ ನಿಲ್ಲಿಸಿದ. "ಏನು ನೋಡಾಕತ್ತೀರಿ?"

"ನೀರು," ಎಂದ ಇವನು.

"ನೀರೆಲ್ಲೈತೋ?"

"ಬರತೈತಿ," ಎಂದರು ಮಾಸ್ತರರು. ಬರುತ್ತದಲ್ಲ, ಮಳೆಗಾಲ ಶುರುವಾದ ಮೇಲೆ.

ಮಾಸ್ತರರ ಬಗಲಲ್ಲಿ ಚರ್ಮದ ಚೀಲ, ಕಣ್ಣಿಗೆ ಕನ್ನಡಕ. ಕಾಲುವೆಯ ಕಡೇ ಅಂಚಿನ ಹೊಲದವರಿಗೆ ಅಷ್ಟು ಸಾಕಾಯಿತು. ನೀರಾವರಿ ಸಾಹೇಬರು ಖುದ್ದು ಬಂದು ಕೂತಿದ್ದಾರೆ, ನೀರು ಬಿಡುತ್ತಾರೆ ಎಂದು ಸುದ್ದಿ ಹಬ್ಬಿ, ಜನ ಗುದ್ದಲಿ ಹೊತ್ತು ಬಂದು ದಂಡೆ ತುಂಬ ಕೂತರು. ಒಣಗಿದ ಪೈರು ಬಿಟ್ಟು ಬಂದವರು. ಯಾರಿಗೂ ಮಾತು ಬೇಕಿರಲಿಲ್ಲ. ಎಲ್ಲರೂ ಖಾಲಿ ಕಾಲುವೆಯನ್ನೇ ನೋಡುತ್ತಿದ್ದರು.

ಹೊತ್ತು ಇಳಿದ ಮೇಲೆ ಒಬ್ಬ ಮುದುಕ, "ಸಾಹೇಬ್ರ, ಯಾವಾಗ್ರಿ?" ಎಂದ. ಮಾಸ್ತರರು ತಾವು ವಿಜ್ಞಾನದ ಮಾಸ್ತರರೆಂದು ಹೇಳಿದರು. ಬೈಗುಳ ಶುರುವಾಯಿತು. ನಾವು ಎದ್ದೆವು. ಕೆಂಭಾವಿಯಾತ ಮಾತ್ರ ಅಂದು ಭಾಳ ಖುಷಿಯಲ್ಲಿದ್ದ.

"ಅಕ್ಕಾ, ಎಷ್ಟು ಮಂದಿಗೆ ಆಟಿಸಂ ಐತಿ ನೋಡು!"

ಎರಡನೇ ಸಲ

ಕೆಂಭಾವಿಯಾತನ ತಾಯಿ ನನ್ನನ್ನೂ ಮಾಸ್ತರರನ್ನೂ ಕರೆಸಿದರು. ಎದೆಯಲ್ಲಿ ಉಸಿರು ಸಿಳ್ಳು ಹಾಕುತ್ತಿತ್ತು. ಅಂದಿನ ಪ್ರಶ್ನೆಯನ್ನೇ ಮತ್ತೆ ಕೇಳಿದರು. "ನಾ ಹ್ವಾದ್ರ ಇವನ್ನ ಯಾರು ನೋಡ್ತೀರಿ?"

ಬೇರೆ ಯಾರಾದರೂ ಆಗಿದ್ದರೆ ನಿಮಗೇನಾಗುತ್ತದೆ, ಆರಾಮಾಗುತ್ತೀರಿ ಎನ್ನುತ್ತಿದ್ದರು. ಮಾಸ್ತರರು, "ವಿಚಾರ ಮಾಡಬೇಕ್ರಿ. ಬರೂ ಐತವಾರ ಹೇಳ್ತೀವಿ," ಎಂದರು.

ಆಕೆ ನಕ್ಕರು. "ಆತು. ಅಲ್ಲೀತನಕ ಇರ್ತೀನಿ ತಗೋರಿ."

ಆ ವಾರವೆಲ್ಲ ನಾವು ವಿಚಾರ ಮಾಡಿದೆವು. ಐತವಾರ ಉತ್ತರ ತಯಾರು ಮಾಡಿಕೊಂಡು ಕೆಂಭಾವಿಯಲ್ಲಿ ಬಸ್ಸಿಳಿದರೆ, ಆಕೆ ನಸುಕಿನಲ್ಲೇ ಹೋಗಿಬಿಟ್ಟಿದ್ದರು. ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಮಗ ಬಾಜೂಕ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದ. ಅಣ್ಣ ಬಾಗಿಲಲ್ಲಿ ನಿಂತು, ಸಂಜೆಗೇ ಆಶ್ರಮದವರು ಬರುತ್ತಾರೆಂದು ಯಾರಿಗೋ ಹೇಳುತ್ತಿದ್ದ.

ನಮ್ಮ ಕಡೆ ಹೆಂಗಸರು ಸತ್ತವರನ್ನು ಪ್ರಶ್ನೆ ಕೇಳಿ ಕೇಳಿ, ಹಾಡಿಕೊಂಡು ಅಳುತ್ತಾರೆ. ಸತ್ತವರ ತಂಗಿ ಎದೆ ಬಡಿದುಕೊಂಡು ಶುರು ಮಾಡಿದಳು. "ಯಕ್ಕಾ... ನಿನ್ನ ಮಗನ್ನ ಯಾರ ಕೈಯಾಗ ಕೊಟ್ಟು ಹ್ವಾದ್ಯೇ ಯಕ್ಕಾ..."

"ನಮ್ಮ ಕೈಯಾಗ್ರಿ," ಎಂದರು ಮಾಸ್ತರರು, ಎದ್ದು ನಿಂತು. ಐತವಾರ ಹೇಳುತ್ತೇವೆ ಎಂದಿದ್ದರು. ಐತವಾರವಾಗಿತ್ತು.

ತಂಗಿ ಕಣ್ಣು ಮುಚ್ಚಿಕೊಂಡೇ ಮುಂದುವರಿಸಿದಳು. "ಅವಗ ಯಾರು ರೊಟ್ಟಿ ನೀಡ್ಯಾರೇ ಯಕ್ಕಾ..."

"ನಾ ನೀಡ್ತೀನ್ರಿ," ಎಂದೆ ನಾನು. "ಹಗಲೆಲ್ಲಾ ನನ್ನ ಅಂಗಡ್ಯಾಗ ಇರ್ತಾನ. ಹುಕ್ಕು ಹಚ್ಚೂದು ಕಲಸ್ತೀನಿ."

"ಯಾವ ಮನ್ಯಾಗ ಮಲಗ್ಯಾನೇ..."

"ನಮ್ಮ ಮನ್ಯಾಗ್ರಿ. ಬ್ಯಾರೆ ಖೋಲಿ ಐತಿ," ಎಂದರು ಮಾಸ್ತರರು.

ತಂಗಿ ಕಣ್ಣು ತೆರೆದು ಮೂಗು ಒರೆಸಿಕೊಂಡಳು. "ಜಡ್ಡು ಬಂದ್ರ?" ಎಂದಳು, ಈಗ ಹಾಡಿಲ್ಲದೆ. ಅದಕ್ಕೂ ಹೇಳಿದೆವು. ಇನ್ನೊಬ್ಬಳು, "ಅಮಾಸಿಗೆ ಹೋಳಿಗಿ ಮಾಡ್ತಾರೇನು ಕೇಳು," ಎಂದಳು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕು, ಸೆರಗು ಬಾಯಿಗೆ ತುರುಕಿಕೊಂಡರು.

ಅಣ್ಣ ಒಳಗೆ ನುಗ್ಗಿದ. "ಏನಿದು ತಮಾಷಾ? ಹೊರಗ ನಡೀರಿ!"

"ಸುಮ್ಮ ನಿಂದ್ರೋ," ಎಂದಳು ತಂಗಿ. "ಹೆಣದ ಮುಂದ ಮಾತು ಕೊಟ್ಟಾರ. ಇದನ್ನ ಮುರಿದ್ರ ಯಾರಿಗೂ ಛಲೋ ಆಗೂದಿಲ್ಲ." ಹೆಂಗಸರೆಲ್ಲ ಹೌದೆಂದರು. ನಮಗೆ ಆ ಪದ್ಧತಿ ಗೊತ್ತೇ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದೆವು, ಅಷ್ಟೇ.

ಅಣ್ಣ ಸೋಲಲಿಲ್ಲ. "ಹಂಗಾರ ಅವನ್ನ ಕೇಳ್ರಿ. ಬರಾಕ ಅಂವಗ ಮನಸಿರಬೇಕಲ್ಲ?"

ನಾನು ಅವನ ಎದುರು ಕೂತೆ. "ತಮ್ಮಾ, ನಮ್ಮ ಜೋಡಿ ಶಹಾಪುರಕ್ಕ ಬರ್ತಿಯೇನು?"

ಅವನು ಮಾತಾಡಲಿಲ್ಲ. ಸೆರಗು ಸುತ್ತಿಕೊಂಡು ನೆಲ ನೋಡುತ್ತಾ ಕೂತ. ಮನೆಯೆಲ್ಲ ಕಾಯುತ್ತಿತ್ತು. "ನೋಡಿದ್ರೆಲ್ಲ," ಎಂದ ಅಣ್ಣ. ನನಗೆ ಅಳು ಬಂತು, ಬಹಳ ವರ್ಷಗಳ ಮೇಲೆ. ಆಕೆಗೆ ಕೊಟ್ಟ ಉತ್ತರ ಆಕೆಯ ಎದುರೇ ಸುಳ್ಳಾಯಿತಲ್ಲ ಎಂದು.

ಮಾಸ್ತರರು ನನ್ನ ಪಕ್ಕದಲ್ಲಿ ಮೊಣಕಾಲೂರಿ, "ಇನ್ನೊಮ್ಮೆ ಕರೀರಿ," ಎಂದರು ಮೆಲ್ಲಗೆ.

"ಬಾರೋ ತಮ್ಮಾ," ಎಂದೆ. "ನಮ್ಮ ಜೋಡಿ ಬಾ."

"ಹೂಂ," ಎಂದ ಅವನು. ಬೆರಳಿನಿಂದ ಸೆರಗನ್ನು ಒಂದೊಂದೇ ಸುತ್ತು ಬಿಚ್ಚಿ, ತಾಯಿಯ ಮಡಿಲ ಮೇಲೆ ನೀಟಾಗಿ ಇಟ್ಟ. ಆಮೇಲೆ ನನ್ನ ಕಡೆ ತಿರುಗಿ, ದೊಡ್ಡವರು ಸಣ್ಣವರಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದ:

"ಅಕ್ಕಾ, ಇಷ್ಟು ಅವಸರ ಇದ್ದಾಗ ಮೊದಲನೇ ಸಲದ್ದು ಬಿಟ್ಟು, ಎರಡನೇ ಸಲದ್ದೇ ಕರೀಬೇಕು."