ಸೈನ್ಯದ ಡೇರೆಗೆ ನಮ್ಮ ಕಾಕಾನ ಗೂಟ

ಹದಿನೆಂಟು ಅಂಗುಲ ಉದ್ದ, ತಲೆಯಿಂದ ಎರಡು ಅಂಗುಲ ಕೆಳಗೆ ಹಗ್ಗ ಸಿಕ್ಕಿಸಲು ಒಂದು ಕಚ್ಚು, ಮರ ಜಾಲಿಯದು, ತುದಿ ಚೂಪು. ಆ ಚೂಪು ತುದಿಯಲ್ಲಿ, ಹೆಬ್ಬೆರಳಿನಷ್ಟು, ಕೆಂಪು ಬಣ್ಣ.

ಇದು ಡೇರೆಯ ಗೂಟ. ನಮ್ಮ ಸೈನ್ಯಕ್ಕೆ ಚೀನಾದವರು ಕೊಟ್ಟ ತೊಂದರೆ ದೊಡ್ಡದೋ ನಮ್ಮ ಕಾಕಾ ಕೊಟ್ಟದ್ದೋ ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ಯೋಚಿಸಿಯೇ ಉತ್ತರ ಹೇಳಬೇಕಾಗುತ್ತದೆ. ಚೀನಾದವರು ಒಂದು ತಿಂಗಳಿಗೆ ನಿಲ್ಲಿಸಿದರು. ಕಾಕಾ ನಿಲ್ಲಿಸಲಿಲ್ಲ!

ಕಾಕಾ ನನ್ನ ತಂದೆಯ ತಮ್ಮ. ಗೋಕಾಕದ ನಮ್ಮ ಮನೆಯ ಪಡಸಾಲೆಯೇ ಅವರ ಕಚೇರಿ. ಅವರ ಉದ್ಯೋಗವೇನೆಂದು ಮನೆಯಲ್ಲಿ ಯಾರೂ ಸರಿಯಾಗಿ ಹೇಳಲಾರರು. ಯುದ್ಧ ಮುಗಿದ ಮರುವರ್ಷ ಅವರಿಗೊಂದು ವಿಚಾರ ಹೊಳೆಯಿತು: ಸೈನ್ಯಕ್ಕೆ ಸಾವಿರ ಸಾಮಾನು ಬೇಕು, ನಮ್ಮ ಸೀಮೆಯವರ ಕೈಯಲ್ಲಿ ಸಾವಿರ ವಿದ್ಯೆ ಇದೆ, ನಡುವೆ ಅಡ್ಡ ನಿಂತಿರುವುದು ಒಂದು ಟೆಂಡರ್ ಅರ್ಜಿ ಮಾತ್ರ. ಅಂದಿನಿಂದ ಅವರು ಪತ್ರಿಕೆಯಲ್ಲಿ ಸುದ್ದಿ ಓದುವುದನ್ನು ಬಿಟ್ಟರು. ಟೆಂಡರ್ ಪ್ರಕಟಣೆಗಳಿಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಸೈಕಲ್ ಹತ್ತಿ, ಹುಕ್ಕೇರಿ ಮೂಡಲಗಿ ಎಂದು ತಿರುಗಿ, ಸಿಕ್ಕಸಿಕ್ಕವರನ್ನೆಲ್ಲ ಕೇಳುವರು: "ಏನ್ ಮಾಡ್ತೀರಿ? ಅದನ್ನ ಮಿಲಿಟರಿಗ್ಯಾಕ ಮಾಡಬಾರದು?" ಹುಕ್ಕೇರಿಯ ಮದುವೆ ಬ್ಯಾಂಡಿನವರನ್ನೂ ಕೇಳಿದ್ದರಂತೆ.

ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಟೈಪ್ ಮಾಡುವುದನ್ನೂ ಕಲಿತು ಮನೆಗೆ ಬಂದಿದ್ದೆ. ಕಾಕಾ ನನ್ನನ್ನು ಆಪಾದಮಸ್ತಕ ನೋಡಿ, "ಹುಡುಗಿ ಮಾತಾಡೂದು ಕಡಿಮಿ. ಸರಕಾರದ ಕಾಗದಕ್ಕ ಇಂಥಾಕಿನ ಬೇಕು" ಎಂದು ನೇಮಕ ಮಾಡಿಕೊಂಡರು. ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಹೊಡೆಯುವುದು. "ಪರಮಪೂಜ್ಯ ಸೇನಾಧಿಕಾರಿಗಳ ಪಾದಾರವಿಂದಗಳಿಗೆ ಗೋಕಾಕದಿಂದ ಮಾಡುವ ಸಾಷ್ಟಾಂಗ ನಮಸ್ಕಾರಗಳು" ಎಂದು ಅವರು ಹೇಳಿದರೆ ನಾನು 'ಸರ್' ಎಂದು ಹೊಡೆದು ಮುಂದಿನ ಮಾತಿಗೆ ಕಾಯುತ್ತಿದ್ದೆ.

"ಅಷ್ಟೂ ಬಂತೇನವಾ?"

"ಹೂಂ, ಕಾಕಾ."

"ಇಂಗ್ಲಿಷ್ ಭಾರಿ ಕಂಜೂಷ ಭಾಷಾ ಐತಿ ಬಿಡು."

ಶಕುನ, ಗಳಿಗೆ, ಯಾವುದನ್ನೂ ಅವರು ನಂಬುವವರಲ್ಲ. ಒಮ್ಮೆ ಅವರು ಹೊರಟಾಗ ಬೆಕ್ಕೊಂದು ದಾರಿಗೆ ಅಡ್ಡ ಬಂತು. ಬಾಗಿಲಲ್ಲಿದ್ದ ಕಾಕು, ಎಂದರೆ ಅವರ ಹೆಂಡತಿ, "ಒಂದ್ ಗಳಿಗಿ ಕುಂತ ಹೋಗ್ರಿ" ಎಂದು ಕೂಗಿದರು. ಕಾಕಾ ಸೈಕಲ್ಲಿನಿಂದಿಳಿದು ಬೆಕ್ಕಿಗೆ ಕೈಮುಗಿದು, "ಪಾಪ, ಅದಕ್ಕೂ ಕೆಲಸ ಇರತೈತಿ. ನಾವ ಅದಕ್ಕ ಅಡ್ಡ ಬಂದೇವಿ" ಎಂದು ಹೇಳಿ ಹೊರಟೇಹೋದರು. ಓಣಿಯವರೆಲ್ಲ ಇದನ್ನು ವಾರಗಟ್ಟಲೆ ಹೇಳಿಕೊಂಡು ನಕ್ಕರು.

ಅವರ ಕೈಗೆ ಮೊದಲು ಸಿಕ್ಕವರು ಮೂಡಲಗಿಯ ಕಂಬಳಿ ನೇಯುವವರು. ಕಂಬಳಿಯನ್ನು ಕಂಬಳಿಯಾಗಿಯೇ ಕಳಿಸಿದರೆ ಹೊಸತೇನು ಬಂತು? ಹೊದ್ದುಕೊಂಡ ಜವಾನ ಬಂದೂಕು ಹಿಡಿಯುವುದಾದರೂ ಹೇಗೆ? ಕಾಕಾ ಕಂಬಳಿಗೆ ಎರಡು ತೋಳು ಹಚ್ಚಿಸಿದರು. ಪರೀಕ್ಷೆಗೆ ಗೋಕಾಕದಲ್ಲಿ ಹಿಮವೆಲ್ಲಿ ಸಿಗಬೇಕು? ಅದನ್ನು ತೊಟ್ಟು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು, "ನೀರ ಸುರಿ" ಎಂದು ಕಾಕುಗೆ ಅಪ್ಪಣೆ ಮಾಡಿದರು. ಇಂಥ ಅಪ್ಪಣೆಗಾಗಿಯೇ ಇಪ್ಪತ್ತು ವರ್ಷ ಕಾದಿದ್ದವರಂತೆ ಕಾಕು ಎಂಟು ಕೊಡ ಸುರಿದರು! ನೀರು ಒಳಗೆ ಇಳಿಯಲಿಲ್ಲ, ಅದೇನೋ ಖರೆ. ಆದರೆ ಕಾಕಾ ಮೇಲೆ ಏಳಲೂ ಇಲ್ಲ. ನೆನೆದ ಉಣ್ಣೆಯ ಭಾರಕ್ಕೆ ಬಾಜೂ ಮನೆಯವರಿಬ್ಬರು ಬಂದು ಎತ್ತಬೇಕಾಯಿತು.

"ಶತ್ರು ಬಂದ್ರ ಏನ್ ಮಾಡ್ತಾನ್ರಿ ನಿಮ್ಮ ಜವಾನ?" ಕಾಕು ಕೇಳಿದರು.

"ಓಡಿ ಹೋಗಾಕ ಬರಂಗಿಲ್ಲ," ಎಂದರು ಕಾಕಾ, ಹಲ್ಲು ಕಟಕಟಿಸುತ್ತ. "ಅದ ಇದರ ಗುಣ!"

ಆಮೇಲೆ ಕರದಂಟು, ನಮ್ಮಲ್ಲಿ ಬಾಣಂತಿಯರಿಗೆ ತಿನ್ನಿಸುವ ಅಂಟು-ಬೆಲ್ಲದ ಸಿಹಿ. ಅದನ್ನು ಯಾವ ಟೆಂಡರಿನಲ್ಲೂ ಯಾರೂ ಕೇಳಿರಲಿಲ್ಲ. "ಕೇಳಾಕ ಅವರಿಗೆ ಗೊತ್ತರ ಇರಬೇಕಲ್ಲ?" ಎಂದು ಕಾಕಾ, ಒಂದು ತುಣುಕು ತಿಂದ ಜವಾನ ಹಿಮಾಲಯ ಹತ್ತಿ ಇಳಿಯುತ್ತಾನೆ ಎಂಬ ಪತ್ರದೊಂದಿಗೆ ಒಂದು ಡಬ್ಬಿ ಕಳಿಸಿಯೇಬಿಟ್ಟರು. ಉತ್ತರ ಬಂತು: ಮಾದರಿ ಪರೀಕ್ಷೆಗೆ ಸಾಲಲಿಲ್ಲ, ಇನ್ನಷ್ಟು ಕಳಿಸಿ. ಕಳಿಸಿದೆವು. ಮತ್ತೆ ಅದೇ ಉತ್ತರ! ಮೂರನೆಯ ಡಬ್ಬಿ ಕಟ್ಟುವಾಗ ಕಾಕು ನನಗೆ ಹೇಳಿದರು: "ಮಿಲಿಟರಿ ಪರೀಕ್ಷಾ ಮಾಡಾಕತ್ತೈತೋ, ಆ ಸಾಹೇಬನ ಮನ್ಯಾಗ ಬಾಣಂತಿ ಅದಾಳೋ, ಒಂದೀಟ ಕೇಳಿ ಬರಿಯವಾ." ನಾನು ಹಾಗೆ ಬರೆಯಲಿಲ್ಲ. ಆದರೆ ಮೂರು ತಿಂಗಳು ತುಂಬುತ್ತಲೇ ಪತ್ರಗಳು ತಾವಾಗಿ ನಿಂತವು.

ಇಷ್ಟರಲ್ಲಿ ಬಂದವನು ಯಲ್ಲಪ್ಪ. ಮರದ ಹಣ್ಣು, ಗಿಳಿ, ಗೊಂಬೆ ಮಾಡಿ ಬಣ್ಣ ಹಚ್ಚುವ ಮನೆತನ; ನಾನು ಚಿಕ್ಕವಳಿದ್ದಾಗ ಕಚ್ಚಿ ಹಲ್ಲು ನೋಯಿಸಿಕೊಂಡ ಪೇರಲ ಅವನ ಅಪ್ಪ ಮಾಡಿದ್ದು. ರಬ್ಬರಿನ ಗೊಂಬೆ ಬಂದ ಮೇಲೆ ಅವನ ಗಿಳಿಗಳನ್ನು ಕೇಳುವವರಿರಲಿಲ್ಲ. ಅವನ ಭಾವ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಅವನಿಗೊಂದು ಕೆಲಸ ನೋಡಿಟ್ಟಿದ್ದ. ಗಿರಣಿಗೆ ಹೋದರೆ ಅಜ್ಜನ ಕಾಲದ ಉಳಿಗಳನ್ನು ಕಟ್ಟಿಡುವುದೇ. "ತಡಿ, ಮಿಲಿಟರಿಗೆ ಡೇರೇದ ಗೂಟ ಬೇಕಾಗ್ಯಾವು" ಎಂದು ಕಾಕಾ ಅವನನ್ನು ತಡೆದರು.

ಯಲ್ಲಪ್ಪ ಗೂಟದ ಮಾದರಿ ತಂದ. ಅಚ್ಚ ಕೆಂಪು ಮೆಣಸಿನಕಾಯಿ! ತಲೆಯಲ್ಲಿ ಹಸಿರು ತೊಟ್ಟು ಬೇರೆ.

ನಾನು ಪ್ರಕಟಣೆಯ ನಾಲ್ಕನೆಯ ಷರತ್ತನ್ನು ಓದಿ ಹೇಳಿದೆ: ಬಣ್ಣ ಇರಕೂಡದು.

"ಅಲ್ಲಕ್ಕಾ, ಬಣ್ಣ ಇಲ್ಲದ ಕಟಗಿ ನಮ್ಮ ಮನಿ ಹೊಸ್ತಲಾ ದಾಟೂದಿಲ್ಲ. ಮಗಳ್ನ ಬರೇ ಹಣಿಲೆ ಗಂಡನ ಮನಿಗೆ ಕಳಸ್ತಾರೇನ್ರಿ?"

"ಯಲ್ಲಪ್ಪಾ, ಕೆಂಪ ಗೂಟ ಚೀನಾದವಗ ಹತ್ತ ಮೈಲ್ ದೂರಿಂದ ಕಾಣತೈತೋ," ಎಂದರು ಕಾಕಾ.

ಎರಡು ದಿನ ವಾದ ನಡೆಯಿತು. ಮೂರನೆಯ ದಿನ ಯಲ್ಲಪ್ಪನೇ ದಾರಿ ಕಂಡುಹಿಡಿದ: "ನೆಲದಾಗ ಹೋಗೂ ತುದಿಗಷ್ಟ ಹಚ್ಚತೀನ್ರಿ ಕಾಕಾರ. ಚೀನಾದವ ನೋಡಬೇಕಂದ್ರ ಕಿತ್ತ ನೋಡಬೇಕು. ಮಾಡಿದಾಂವ ನಾನು, ಅವನ ಅಪ್ಪನ ಕೈಲೂ ಕೀಳಾಕ ಆಗಂಗಿಲ್ಲ!" ಕೀಳಲಾಗುವುದಿಲ್ಲ ಎಂಬುದು ಖರೆಯೇ. ಕಾಕಾ ಅದಕ್ಕೆ ನಮ್ಮ ಎಮ್ಮೆ ಕಟ್ಟಿ ನೋಡಿದರು. ಹಗ್ಗ ಹರಿಯಿತು, ಎಮ್ಮೆ ಓಡಿತು, ಗೂಟ ಅಲ್ಲೇ ಇತ್ತು. ಮಾದರಿಯನ್ನು ಪುಣೆಗೆ ಕಳಿಸಿದೆವು. ತುದಿಯ ಬಣ್ಣಕ್ಕೆ ಅಡ್ಡಿಯಿಲ್ಲ, ದರ ಕಳಿಸಿ ಎಂದು ಉತ್ತರ ಬಂತು! ಶುಕ್ರವಾರ ಮಧ್ಯಾಹ್ನ ಮೂರರೊಳಗೆ ಲಕೋಟೆ ಮುಟ್ಟಬೇಕು. ಯಲ್ಲಪ್ಪ ಗಿರಣಿಯವರಿಗೆ ಬರುವುದಿಲ್ಲವೆಂದು ಹೇಳಿಬಂದ.

ಮಂಗಳವಾರ ಕಾಕಾ ಹುಕ್ಕೇರಿಗೆ ಹೋಗುತ್ತ, "ಇವತ್ತಿನ ಟಪಾಲಿಗೆ ಹಾಕಿಬಿಡವಾ" ಎಂದರು. ದರಪತ್ರದ ನಾಲ್ಕು ಪುಟ ಟೈಪಾಗಿತ್ತು. ಮೂರನೆಯ ಪುಟದಲ್ಲಿ ಒಂದು ಅಕ್ಷರ ಅಳಿಸಿ ಹೊಡೆದಿದ್ದೆ. ಅಲ್ಲಿ ಮಸಿ ಕದಡಿ, ಸಾಸಿವೆಯಷ್ಟು ಕಲೆ ಉಳಿದಿತ್ತು. ನಾನು ಅಂಥ ಪುಟ ಕಳಿಸುವವಳಲ್ಲ. ಅದನ್ನು ತೆಗೆದಿಟ್ಟು ಮತ್ತೆ ಹೊಡೆದೆ. ಆಮೇಲೆ ಉಳಿದ ಮೂರು ಪುಟಗಳ ಅಂಚು ಅದರೊಂದಿಗೆ ಸರಿಹೊಂದಲಿಲ್ಲ, ಅವನ್ನೂ ಹೊಡೆದೆ. ಸಂಜೆ ಕಾಕಾ ಬಂದಾಗ ಲಕೋಟೆ ಮೇಜಿನ ಮೇಲೆಯೇ ಇತ್ತು. ನೋಡಿದರು. "ಇರಲಿ, ನಾಳಿಗೆ ಹಾಕು" ಎಂದರು.

ಬುಧವಾರ ಹಾಕಿದ ಲಕೋಟೆ ಶನಿವಾರ ಪುಣೆ ಮುಟ್ಟಿತಂತೆ. ಹತ್ತು ದಿನಕ್ಕೆ ಒಡೆಯದೆಯೇ ಮರಳಿ ಬಂತು. ಮೇಲೊಂದು ಮುದ್ರೆ, 'ಅವಧಿ ಮೀರಿ ಬಂದದ್ದು'. ನಾನೇ ಒಡೆದು ನೋಡಿದೆ. ನಾಲ್ಕು ಪುಟಗಳಲ್ಲಿ ಒಂದೂ ಕಲೆಯಿರಲಿಲ್ಲ.

ಅಂದೇ ಸಂಜೆ ಯಲ್ಲಪ್ಪ ಬಂದ. ನಾನು ಚಹಾ ಹಿಡಿದು ನಡುಮನೆಯ ಬಾಗಿಲಲ್ಲಿದ್ದೆ.

"ಯಾಕ ತಡಾ ಆತ್ರಿ, ಕಾಕಾರ?"

ನಾನು ಬಾಯಿ ತೆರೆದೆ. ಕಾಕಾ ನನ್ನ ಕಡೆ ನೋಡದೆ, "ಚಾ ಆರತೈತಿ, ಅಲ್ಲಿಡವಾ" ಎಂದರು. ಆಮೇಲೆ ಯಲ್ಲಪ್ಪನಿಗೆ: "ನಂದ ತಪ್ಪೋ. ಟಪಾಲಿಗೆ ಹಾಕಾಕ ಹೊಂಟಿದ್ನಿ. ಬೆಕ್ಕ ಅಡ್ಡ ಬಂತು. ತಿರಗಿ ಬಂದ್ನಿ."

ಕಾಕು ಒಲೆಯ ಮುಂದಿನಿಂದ ತಲೆಯೆತ್ತಿ ಗಂಡನನ್ನು ನೋಡಿದರು.

"ಬೆಕ್ಕ?" ಯಲ್ಲಪ್ಪ ಎದ್ದು ನಿಂತ. "ಊರಿಗೆಲ್ಲಾ ಬುದ್ಧಿ ಹೇಳಾವ್ರು ನೀವು! ನನ್ನ ಅನ್ನದ ಮುಂದ ನಿಮಗ ಬೆಕ್ಕ ದೊಡ್ಡದಾತೇನ್ರಿ? ಹಂಗಾರ ಮುಂದಿನ ಗೂಟಾ ಬೆಕ್ಕಿನ ಕಡೆ ಮಾಡಿಸ್ಕೋರಿ." ಚಹಾ ಮುಟ್ಟದೆ ಹೋದ. ಬರುವ ಸೋಮವಾರ ಗಿರಣಿಯವರ ಕೈಕಾಲು ಹಿಡಿದು ನೋಡುತ್ತೇನೆಂದು ಹೊಸ್ತಿಲಲ್ಲಿ ಹೇಳಿದ.

ಕಾಕಾ ಆ ಚಹಾವನ್ನೂ ತಾವೇ ಕುಡಿದರು. ಪತ್ರಿಕೆ ಬಿಡಿಸಿ, ಕೆಂಪು ಪೆನ್ಸಿಲ್ ಹುಡುಕಿ, ಗೂಟ ಹೊಡೆಯುವ ಮರದ ಕೊಡತಿಗಳ ಟೆಂಡರಿಗೆ ಗೆರೆ ಎಳೆದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅನ್ನುವರೆಂದು ನಾನು ಮಲಗುವವರೆಗೂ ಕಾದೆ.

ಮರುದಿನ ಬೆಳಿಗ್ಗೆ ಕಾಕಾ ಏಳುವ ಮೊದಲು ಕೊಡತಿಯ ಅರ್ಜಿ ಹೊಡೆದು, ತೆಗೆದಿಟ್ಟಿದ್ದ ಆ ಮೂರನೆಯ ಪುಟವನ್ನೂ ಹಿಡಿದು ಯಲ್ಲಪ್ಪನ ಮನೆಗೆ ಹೋದೆ. ಅವನು ಉಳಿಗಳಿಗೆ ಎಣ್ಣೆ ಸವರಿ ಬಟ್ಟೆ ಸುತ್ತುತ್ತಿದ್ದ. ಪುಟವನ್ನು ಅವನ ಮುಂದೆ ಹಾಸಿ ಕಲೆಯ ಮೇಲೆ ಬೆರಳಿಟ್ಟೆ.

"ಯಲ್ಲಪ್ಪಣ್ಣಾ, ಅಡ್ಡ ಬಂದ ಬೆಕ್ಕು ಇದು. ಕಾಕಾ ಅಲ್ಲ, ತಡಾ ಮಾಡಿದಾಕಿ ನಾನು."

ಅವನು ಕಲೆಯನ್ನು ನೋಡಿದ, ನನ್ನನ್ನು ನೋಡಿದ, ಪಕ್ಕದಲ್ಲಿ ನಾನಿಟ್ಟ ಕೊಡತಿಯ ಅರ್ಜಿಯನ್ನು ನೋಡಿದ. ಆಮೇಲೆ ಕೈಯ ಎಣ್ಣೆ ಒರೆಸಿಕೊಂಡು, "ಎಲ್ಲಿ ಸಹಿ ಮಾಡ್ಲಿ ಅಕ್ಕಾ?" ಎಂದ. ಪೂರ್ತಿ ಒರೆಸಿಕೊಂಡಿರಲಿಲ್ಲ, ಸಹಿಯ ಬದಿಗೆ ಎಣ್ಣೆಯ ಹೆಬ್ಬೆರಳು ದುಂಡಗೆ ಮೂಡಿತು. ನಾನು ಅರ್ಜಿಯನ್ನು ಹಾಗೆಯೇ ಮಡಚಿ ಲಕೋಟೆಗೆ ಹಾಕಿ, ಟಪಾಲು ಕಚೇರಿಗೆ ನಡೆದು, ಬಾಗಿಲು ತೆಗೆಯುವವರೆಗೆ ಅದರ ಮೆಟ್ಟಿಲ ಮೇಲೆ ನಿಂತಿದ್ದೆ.