ರಿಪೀಟರಿಗೆ ಫೋನು ಕಟ್ಟಿದ ಪ್ರಸಂಗ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ಕುಣಿಗಲ್ಲಿನಿಂದ ಗುಬ್ಬಿಯವರೆಗೆ ಕೈಯಲ್ಲಿ ರೇಡಿಯೋ ಇರುವ ಎಲ್ಲರಿಗೂ ಇದು ಆಗಲೇ ಗೊತ್ತು. ನಿಯಮ ಓದದೆ, ಯಾರ ಅನುಮತಿಯನ್ನೂ ಪಡೆಯದೆ, ನಮ್ಮ ಹವ್ಯಾಸಿ ರೇಡಿಯೋ ಸಂಘದ ರಿಪೀಟರಿಗೆ ಟೆಲಿಫೋನು ಜೋಡಿಸಿದ ಮಹಾನುಭಾವ ನಾನೇ.

ರಿಪೀಟರ್ ಎಂದರೆ ಗುಡ್ಡದ ಮೇಲಿರುವ ಒಂದು ಪೆಟ್ಟಿಗೆ. ಕೆಳಗೆ ಒಬ್ಬರು ಮೆಲ್ಲಗೆ ಆಡಿದ್ದನ್ನು ಅದು ಮೂರು ತಾಲ್ಲೂಕಿಗೆ ಕೂಗಿ ಹೇಳುತ್ತದೆ. ನಮ್ಮ ಬೀದಿಯಲ್ಲೂ ಅಂಥವರು ಇಬ್ಬರಿದ್ದಾರೆ. ಆಂಟೆನಾ ಇಲ್ಲ, ಅಷ್ಟೇ.

ಮುಂದಿನ ಭಾನುವಾರ ತುಮಕೂರಿನಿಂದ ಸಿ.ಎಸ್. ಪುರಕ್ಕೆ ಶಾಲಾ ಮಕ್ಕಳ ಸೈಕಲ್ ಜಾಥಾ ಇತ್ತು. ದಾರಿಯುದ್ದಕ್ಕೂ ನಮ್ಮವರು ರೇಡಿಯೋ ಹಿಡಿದು ನಿಲ್ಲುವುದು, ಅವರೆಲ್ಲರನ್ನೂ ವಿಚಾರಿಸಿಕೊಂಡು ಹದ್ದಿನಲ್ಲಿಡುವ ತುಮಕೂರಿನ ಕಂಟ್ರೋಲ್ ಕುರ್ಚಿಯಲ್ಲಿ ನಾನು ಕೂರುವುದು ಎಂದು ತೀರ್ಮಾನವಾಗಿತ್ತು. ರೇಡಿಯೋದಲ್ಲಿ ಮಾತಾಡುವ ಲೈಸೆನ್ಸ್ ಬಂದು ನಾಲ್ಕೇ ತಿಂಗಳಿಗೆ ಕಂಟ್ರೋಲ್! ಅದಕ್ಕೆಂದೇ ಹೊಸ ಶರ್ಟಿಗೆ ಇಸ್ತ್ರಿ ಹಾಕಿಸಿಟ್ಟಿದ್ದೆ. ರೇಡಿಯೋದಲ್ಲಿ ಶರ್ಟು ಕಾಣುವುದಿಲ್ಲ ಎಂಬುದು ಬೇರೆ ಮಾತು.

ಯಾವುದಾದರೂ ಮಗು ಬಿದ್ದರೆ ನಮ್ಮವರು ರೇಡಿಯೋದಿಂದಲೇ ಆಂಬುಲೆನ್ಸಿನವರ ಜೊತೆ ಮಾತಾಡುವಂತಿದ್ದರೆ ಎಷ್ಟು ಚೆನ್ನ! ಹೊಳೆದ ತಕ್ಷಣ ಸಂಘದ ಆನ್‌ಲೈನ್ ಗುಂಪಿನಲ್ಲಿ ಬರೆದೆ: "ರಿಪೀಟರಿಗೆ ಫೋನ್ ಜೋಡಿಸೋದು ಹೇಗೆ? ಅರ್ಜೆಂಟ್!!!"

ಸಂಘದ ಹಿರಿಯರಾದ ಗುಬ್ಬಿಯ ರುದ್ರಪ್ಪ ಮೇಷ್ಟ್ರು ಉತ್ತರಿಸಿದರು: "ಗುಂಪಿನ ನೆತ್ತಿ ಮೇಲೇ ನಿಯಮ ಅಂಟಿಸಿದ್ದೀನಿ. ಮೊದ್ಲು ಓದು, ಆಮೇಲೆ ಕೇಳು. ಆಶ್ಚರ್ಯ ಚಿಹ್ನೆ ಒಂದು ಸಾಕು."

ನಾನು ಓದಿದೆನೇ? ಇಲ್ಲ. ಸಂಘದವನೇ ಆದ ಕುಣಿಗಲ್ಲಿನ ಗೆಳೆಯ ಮಂಜನಿಗೆ ಫೋನು ಮಾಡಿ ಈ ಉತ್ತರವನ್ನು ಮೇಷ್ಟ್ರ ಮೂಗಿನ ದನಿಯಲ್ಲೇ ಓದಿ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಅಲ್ಲಿಗೆ ನನ್ನ ಅಧ್ಯಯನ ಮುಗಿಯಿತು.

ಹಳೆಯ ಮೊಬೈಲಿಗೆ ವೈರು ಕಟ್ಟಿ ತುಮಕೂರಿನ ನಮ್ಮ ಮನೆಯ ರೇಡಿಯೋಗೆ ಸಿಕ್ಕಿಸಿದೆ. ಕರೆ ಬಂದರೆ ಫೋನು ತಾನೇ ಎತ್ತಿಕೊಳ್ಳುತ್ತದೆ. ದನಿ ಬಂದರೆ ರೇಡಿಯೋ ತಾನೇ ರಿಪೀಟರಿಗೆ ಕಳಿಸುತ್ತದೆ. "ಸರಿಯಾಗಿ ಹತ್ತಕ್ಕೆ ಆ ನಂಬರಿಗೆ ಫೋನ್ ಮಾಡು ಕಣ್ಲಾ" ಎಂದು ಮಂಜನಿಗೆ ಹೇಳಿ, ದೂರದಿಂದ ಪರೀಕ್ಷಿಸಲು ಕೈ ರೇಡಿಯೋ ಹಿಡಿದು ಸ್ಕೂಟರಿನಲ್ಲಿ ಗೂಳೂರಿಗೆ ಹೋದೆ.

ಹತ್ತಕ್ಕೆ ಐದು ನಿಮಿಷ ಇರುವಾಗಲೇ ರೇಡಿಯೋ ಬಾಯಿ ಬಿಟ್ಟಿತು.

"ಏನ್ಲಾ, ಬಸ್ಸಲ್ಲಿ ಕಾಯಿ ಮೂಟೆ ಕಳ್ಸಿ ಎರಡ್ ದಿನ ಆಯ್ತು. ಇಳಿಸ್ಕೊಂಡ್ಯಾ ಇಲ್ವಾ?"

ಅಮ್ಮ! ಅಮೃತೂರಿನಿಂದ! ಆ ಹಳೆಯ ಮೊಬೈಲಿನದು ಅವಳಿಗೆ ಬಾಯಿಪಾಠವಾಗಿರುವ ಏಕೈಕ ನಂಬರು.

"ಯಾಕ್ಲಾ ಉಸಿರೇ ಇಲ್ಲ? ತಪ್ ಮಾಡ್ದಾಗೆಲ್ಲ ಹಿಂಗೇ ನೀನು!"

ಗುಂಡಿ ಒತ್ತಿ "ಫೋನ್ ಇಡಮ್ಮಾ!" ಎಂದು ಕಿರುಚಿದೆ. ರಿಪೀಟರಿನಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರಿಗೆ ಜಾಗವಿಲ್ಲ. ಅಮ್ಮನ ಎದುರಂತೂ ಮೊದಲಿನಿಂದಲೂ ಇಲ್ಲ. ಸ್ಕೂಟರು ತಿರುಗಿಸಿದೆ.

ಯಾರಾದರೂ ಮೂರು ನಿಮಿಷ ಬಿಡದೆ ಮಾತಾಡಿದರೆ ರಿಪೀಟರ್ ತಾನಾಗಿ ಸುಮ್ಮನಾಗುವ ವ್ಯವಸ್ಥೆಯಿದೆ. ಅದು ಕೆಲಸ ಮಾಡಿದ್ದನ್ನು ಸಂಘದಲ್ಲಿ ಯಾರೂ ಕಂಡಿರಲಿಲ್ಲ. ಅಂದು ಕಂಡರು. ಅಮ್ಮ ಉಸಿರೆಳೆದುಕೊಳ್ಳಲು ಮಾತು ನಿಲ್ಲಿಸಿದಳು, ಅಷ್ಟೇ ಸಾಕಾಯಿತು. ರಿಪೀಟರ್ ಮತ್ತೆ ಎದ್ದಿತು.

"ನಿನ್ ಚಾಳಿ ನಂಗ್ ಗೊತ್ತಿಲ್ವೇನ್ಲಾ? ಮೊನ್ನೆ ಸೀಮಂತದಲ್ಲಿ ಆ ಗುಬ್ಬಿ ಮೇಷ್ಟ್ರ ಥರ ಮೂಗಲ್ಲಿ ಮಾತಾಡಿ ಎಲ್ರನ್ನೂ ನಗಿಸ್ದಲ್ಲ, ಪಾಪ, ಅವ್ರು ಕೇಳಿಸ್ಕೊಂಡ್ರೆ ಏನಂದ್ಕೊಂಡಾರು?"

ಅವರು ಕೇಳಿಸಿಕೊಳ್ಳುತ್ತಿದ್ದರು.

ಮನೆಗೆ ಬಂದು ವೈರು ಕಿತ್ತೆಸೆದೆ. ಆಮೇಲೆ ನಿಯಮ ಓದಿದೆ. ಮೂರನೇ ಸಾಲು: ಅನುಮತಿಯಿಲ್ಲದೆ ರಿಪೀಟರಿಗೆ ಟೆಲಿಫೋನು ಜೋಡಿಸತಕ್ಕದ್ದಲ್ಲ. ಅದರ ಕೆಳಗೆ ಮಂಜನ ತಾಜಾ ವರದಿ: "ಕುಣಿಗಲ್ಲಲ್ಲಿ ಅಮ್ಮ ಬಾಳ ಕ್ಲಿಯರ್. ಕಾಯಿ ಇಳಿಸ್ಕೊಂಡ್ಯೇನ್ಲಾ?"

"ಈ ಮೂಲಕ ಬೇಷರತ್ ಕ್ಷಮೆ ಕೋರುತ್ತೇನೆ" ಎಂದು ಗುಂಪಿನಲ್ಲಿ ಬರೆದೆ, ಆಶ್ಚರ್ಯ ಚಿಹ್ನೆ ಒಂದೂ ಇಲ್ಲದೆ. ಆನಂತರ ಧೈರ್ಯ ಮಾಡಿ, ನನ್ನ ಸ್ವಂತ ದನಿಯಲ್ಲೇ, ಮೇಷ್ಟ್ರಿಗೆ ಫೋನು ಮಾಡಿದೆ.

"ಸಾರ್, ತಪ್ಪಾಯ್ತು. ಎಲ್ಲಾ ಬಿಚ್ಚಿಟ್ಟಿದೀನಿ. ಭಾನುವಾರ ಕಂಟ್ರೋಲ್‌ಗೆ... ನಾನೇ ಬರ್ಲಾ ಸಾರ್?"

ಆ ಕಡೆಯಿಂದ ಮೂಗಿನ ದನಿ ಬಂತು. ಈ ಸಲ ಅಸಲಿ.

"ನಿಮ್ಮಮ್ಮನ್ನ ಕಳ್ಸಪ್ಪ. ಆಯಮ್ಮಂಗೆ ಇಲ್ದೇ ಇರೋದು ಲೈಸೆನ್ಸ್ ಒಂದೇ. ನಿಂಗೆ ಇರೋದು ಅದೊಂದೇ."