ಬುಕ್ಕಾಂಬುಧಿ ಕೆರೆ ಕದ್ದವನು

ಎಲ್ಲಕ್ಕೂ ಕಾರಣ ಬೆಳಗಿನ ಅಂಚೆಯಲ್ಲಿ ಬಂದ ಒಂದು ಕಟ್ಟು. ಅಜ್ಜಂಪುರದ ಮಿಡ್ಲ್ ಸ್ಕೂಲಿನ ಮೇಷ್ಟರು ವೆಂಕಟಸುಬ್ಬಯ್ಯನವರು ಅದನ್ನು ಬಿಚ್ಚಿದಾಗ ಕಾಫಿ ಲೋಟ ಕೈಯಲ್ಲಿತ್ತು. ಎರಡನೆಯ ಹಾಳೆಗೆ ಬರುವಷ್ಟರಲ್ಲಿ ಕಾಫಿ ಪಂಚೆಯ ಮೇಲಿತ್ತು.

ಕಟ್ಟನ್ನು ಕಳಿಸಿದ್ದು ಮೈಸೂರಿನ ಒಂದು ವಿದ್ವತ್ ಪತ್ರಿಕೆ. ಅದರ ಸಂಪಾದಕರಿಗೆ ಕದ್ದ ಲೇಖನವೆಂದರೆ ಮೈ ಉರಿ. ಅವರಿಗೆ ಕಳಿಸುವ ಲೇಖನದ ಮೇಲೆ ಬರೆದವರ ಹೆಸರು ಇರಕೂಡದು. ಹೆಸರನ್ನು ಬೇರೆ ಲಕೋಟೆಯಲ್ಲಿ ಹಾಕಿ ಅಂಟಿಸಿ ಕಳಿಸಬೇಕು. ಲಕೋಟೆಯನ್ನು ಒಡೆಯದೆ, ಲೇಖನವನ್ನು ಮಾತ್ರ ವಿಷಯ ಬಲ್ಲವರೊಬ್ಬರಿಗೆ ಕಳಿಸಿ, ಸ್ವಂತದ್ದೋ ಕದ್ದದ್ದೋ ಎಂದು ಕೇಳುತ್ತಾರೆ. ಕದ್ದದ್ದಾದರೆ ಲಕೋಟೆ ಒಡೆದು ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕುತ್ತಾರೆ.

ಈ ಸಲ ಕೇಳಿದ್ದು ವೆಂಕಟಸುಬ್ಬಯ್ಯನವರನ್ನು. ಲೇಖನ ಬುಕ್ಕಾಂಬುಧಿ ಕೆರೆಯನ್ನು ಕುರಿತದ್ದು. ಅದರ ಒಂದೊಂದು ವಾಕ್ಯವೂ ಅವರದೇ. ಅಕ್ಷರ ಮಾತ್ರ ಬೇರೆ ಯಾರದೋ. ಆ ಅಕ್ಷರ ತಮ್ಮದಕ್ಕಿಂತ ದುಂಡಗಿದ್ದದ್ದು ಅವರನ್ನು ಇನ್ನಷ್ಟು ಉರಿಸಿತು.

“ನನ್ನ ಕೆರೇನ ಕದ್ದಿದಾರೆ ಕಣೇ” ಎಂದರು ಹೆಂಡತಿಗೆ.

ಕಾಮಾಕ್ಷಮ್ಮ ಒರಳಿನ ಮುಂದಿನಿಂದ ಏಳಲಿಲ್ಲ. “ಪಂಚೆ ನೆನೆ ಹಾಕಿ. ಕಲೆ ಹೋಗಲ್ಲ ಆಮೇಲೆ.”

ಪಕ್ಕದ ಮನೆಯ ಈರಭದ್ರಪ್ಪ ತೆಂಗಿನ ತೋಟಕ್ಕೆ ಹೊರಟವನು ಜಗಲಿಗೇ ಬಂದುಬಿಟ್ಟ. “ಕೆರೆ ಕದ್ರಾ? ನೀರೆಷ್ಟಿತ್ತು ಮೇಷ್ಟ್ರೆ?”

“ಕೆರೆ ಅಲ್ಲಪ್ಪ, ಕೆರೆ ಮೇಲೆ ನಾನು ಬರೆದದ್ದು. ಎರಡು ಬೇಸಿಗೆ ಬಿಸಿಲಲ್ಲಿ ಕೆರೆ ಏರೀನ ಅಳೆದು ಬರೆದದ್ದು.”

“ನಾನೂ ನೋಡಿದೀನಲ್ಲ. ನೀವು ಹಗ್ಗ ಹಿಡ್ಕೊಂಡು ಓಡಾಡೋದು ನೋಡಿ ದನ ಬೆದರ್‍ತಿದ್ವು. ಯಾರವನು ಕಳ್ಳ?”

ಅವರು ತಮ್ಮ ಲೇಖನವನ್ನು ಓದಲು ಕೊಟ್ಟಿದ್ದು ಒಬ್ಬನಿಗೇ, ಹಳೆಯ ಗೆಳೆಯ, ಕಡೂರಿನ ಹೈಸ್ಕೂಲು ಮೇಷ್ಟರು ಅನಂತಪದ್ಮನಾಭನಿಗೆ. ವೆಂಕಟಸುಬ್ಬಯ್ಯನವರು ನಿಂತಲ್ಲೇ ಸಂಪಾದಕರಿಗೆ ಕಾಗದ ಗೀಚಿದರು: “ಇದು ಕಳವು. ಬರೆದವನ ಹೆಸರನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.” ಸ್ಟೇಷನ್ನಿನ ಅಂಚೆ ಡಬ್ಬಿಗೆ ಅದನ್ನು ಹಾಕಿ ಕಡೂರಿನ ರೈಲು ಹತ್ತಿದರು.

ಅನಂತಪದ್ಮನಾಭ ಜಗಲಿಯಲ್ಲಿ ಕ್ಷೌರಕ್ಕೆ ಕೂತಿದ್ದ. ಒಂದು ಕೆನ್ನೆ ಆಗಿತ್ತು.

“ಅನಂತ, ನೀನು ಕಳ್ಳ.”

“ಕೂತ್ಕೋ. ಇನ್ನೊಂದು ಕೆನ್ನೆ ಇದೆ.”

ಆ ಕೆನ್ನೆಯೂ ಆದ ಮೇಲೆ ಅವನು ಹಾಳೆಗಳನ್ನು ತಿರುವಿ ನೋಡಿದ. “ನಿನ್ನ ಲೇಖನ ಎಲ್ಲಿಗೆ ಕಳಿಸಿದ್ದೆ?”

“ಇದೇ ಪತ್ರಿಕೆಗೆ. ಯುಗಾದಿಗೆ ಮುಂಚೆ. ಇನ್ನೂ ಉತ್ತರ ಇಲ್ಲ.”

“ಈ ಸೀಮೇಲಿ ಆ ಕೆರೆ ವಿಷಯ ಬಲ್ಲೋನು ಯಾರು?”

“ನಾನೊಬ್ನೇ” ಎಂದರು ವೆಂಕಟಸುಬ್ಬಯ್ಯ, ಎದೆಯುಬ್ಬಿಸಿ.

“ಮತ್ತೆ, ಹೆಸರಿಲ್ಲದ ನಿನ್ನ ಲೇಖನಾನ ಅವರು ಇನ್ಯಾರಿಗೆ ಕಳಿಸ್ತಾರೋ? ಅಕ್ಷರದ ಗುರುತು ಸಿಕ್ಕಬಾರ್‍ದು ಅಂತ ಗುಮಾಸ್ತನ ಕೈಲಿ ಪ್ರತಿ ಮಾಡ್ಸಿದಾರೆ, ಅಷ್ಟೆ.”

ಉಬ್ಬಿದ ಎದೆ ಗಾಳಿ ಹೋದ ಫುಟ್‌ಬಾಲಿನ ಹಾಗೆ ಒಳಗೆ ಹೋಯಿತು. ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ತಮ್ಮದೇ ಹೆಸರು. ಸ್ಕೂಲ್ ಇನ್ಸ್‌ಪೆಕ್ಟರರು ಬಿಡದೆ ಓದುವ ಪತ್ರಿಕೆ ಅದು. ನೌಕರಿ ಹೋದ ಹಾಗೆಯೇ.

ಅವರು ಮರಳಿ ಅಜ್ಜಂಪುರದಲ್ಲಿ ಇಳಿದಾಗ ಅಂಚೆಯ ಹಾಲಪ್ಪ ಡಬ್ಬಿಯನ್ನು ಚೀಲಕ್ಕೆ ಸುರಿಯುತ್ತಿದ್ದ.

“ಹಾಲಪ್ಪ, ನನ್ನದೊಂದು ಕಾಗದ ಇದೆ. ಕೊಟ್ಟುಬಿಡಪ್ಪ.”

“ಡಬ್ಬಿಗೆ ಬಿದ್ದದ್ದು ಸರ್ಕಾರದ್ದು ಸಾ.”

“ನಾನೇ ಬರೆದದ್ದು ಕಣೋ.”

“ಹಂಗಂತ ಯಾರು ಬೇಕಾದ್ರೂ ಅನ್ಬೋದು. ಇನ್ನೊಬ್ರು ಬರ್‍ದಿದ್ನ ತಮ್ದು ಅನ್ನೋರು ಈಗ ಜಾಸ್ತಿ ಆಗವ್ರಂತೆ. ಬೆಳಿಗ್ಗೆಯಿಂದ ಪ್ಯಾಟೇಲೆಲ್ಲ ಅದೇ ಮಾತು.”

ವೆಂಕಟಸುಬ್ಬಯ್ಯನವರು ಜೇಬಿನಿಂದ ಸೀಮೆಸುಣ್ಣ ತೆಗೆದು, ಪ್ಲಾಟ್‌ಫಾರಮ್ಮಿನ ಕಲ್ಲಿನ ಮೇಲೆ ಮಂಡಿಯೂರಿ, ಪತ್ರಿಕೆಯ ವಿಳಾಸವನ್ನು ಬರೆದು ತೋರಿಸಿದರು. ಹಾಲಪ್ಪ ಲಕೋಟೆಯನ್ನು ಕಲ್ಲಿನ ಪಕ್ಕ ಹಿಡಿದು ಬಹಳ ಹೊತ್ತು ನೋಡಿದ.

“ನಿಮ್ದೇ. ನಂಗೆ ಲೆಕ್ಕದಲ್ಲಿ ಸೊನ್ನೆ ಹಾಕಿದ್ದು ಇದೇ ಕೈ” ಎಂದು ಕೊಟ್ಟುಬಿಟ್ಟ.

ಅವರು ಕಾಗದವನ್ನು ಅಲ್ಲೇ ಚೂರು ಚೂರು ಮಾಡಿದರು. ಸ್ಟೇಷನ್ ಮಾಸ್ತರರ ಮಸಿಕುಡಿಕೆ ಕೇಳಿ ಪಡೆದು, “ಲೇಖನ ಅಪ್ಪಟ ಸ್ವಂತದ್ದು” ಎಂದು ಹೊಸದಾಗಿ ಬರೆದು ಹಾಲಪ್ಪನ ಕೈಗೇ ಕೊಟ್ಟರು.

ಮನೆಯ ಬಾಗಿಲಲ್ಲಿ ಈರಭದ್ರಪ್ಪ ಕಾದಿದ್ದ. “ಹೋದ ಕೆಲ್ಸ ಏನಾಯ್ತು ಮೇಷ್ಟ್ರೆ?”

ನನ್ನನ್ನು ನಾನೇ ಹಿಡಿದುಕೊಡಲು ಹೊರಟಿದ್ದೆ ಎಂದು ಯಾರ ಮುಂದೆ ಹೇಳುವುದು? “ಎಲ್ಲ ಸರಿಹೋಯ್ತಪ್ಪ” ಎಂದು ಒಳಗೆ ಹೋಗಿ ಎರಡು ಸಲ ಹುಳಿ ಹಾಕಿಸಿಕೊಂಡು ಉಂಡರು.

ಮುಂದಿನ ವಾರ ಸಂಪಾದಕರ ಕಾಗದ ಬಂತು. ಈರಭದ್ರಪ್ಪನೂ ಬಂದ. “ಜೋರಾಗಿ ಓದಿ. ನಮ್ಮ ಅರ್ಜಿಗೆ ಏನಂದವ್ರೆ ನೋಡಾನ.”

“ಯಾವ ಅರ್ಜಿ?”

“ನೀವು ಕಡೂರಿಗೆ ಹೋದ್ರಲ್ಲ, ನಮಗೆ ಮನಸ್ಸು ತಡೀಲಿಲ್ಲ. ಕೆರೆ ಲೇಖನ ನಮ್ಮ ವೆಂಕಟಸುಬ್ಬಯ್ನೋರ ಹತ್ರ ಕದ್ದದ್ದು ಅಂತ ಶಾನುಭೋಗ್ರ ಕೈಲಿ ಬರೆಸಿ, ಪ್ಯಾಟೆಯೋರೆಲ್ಲ ಹೆಬ್ಬೆಟ್ಟು ಒತ್ತಿದ್ವಿ. ಹೇಳ್ಕಂಡು ತಿರುಗೋದ್ಯಾಕೆ ಅಂತ ಸುಮ್ನಿದ್ದೆ.”

ವೆಂಕಟಸುಬ್ಬಯ್ಯನವರು ಕಂಬವನ್ನು ಹಿಡಿದುಕೊಂಡು ಓದಿದರು:

“ಲೇಖನ ಸ್ವಂತದ್ದೆಂದು ತಾವು ಬರೆದಿದ್ದೀರಿ. ಅದನ್ನು ತಮ್ಮಿಂದಲೇ ಕದ್ದದ್ದೆಂದು ತಮ್ಮ ಊರಿನವರು ಬರೆದಿದ್ದಾರೆ. ಲಕೋಟೆ ಒಡೆದು ನೋಡಲಾಗಿ ಅದರಲ್ಲಿಯೂ ಅಜ್ಜಂಪುರದ ವೆಂಕಟಸುಬ್ಬಯ್ಯ ಎಂದೇ ಇದೆ. ಈ ಇಬ್ಬರು ವೆಂಕಟಸುಬ್ಬಯ್ಯನವರ ವ್ಯಾಜ್ಯ ತೀರುವವರೆಗೆ ನಾವು ಲೇಖನವನ್ನಾಗಲಿ, ಕಳ್ಳನ ಹೆಸರನ್ನಾಗಲಿ ಅಚ್ಚು ಹಾಕುವುದಿಲ್ಲ.”

ಕೊನೆಯ ಮಾತನ್ನು ಅವರು ಇನ್ನೊಮ್ಮೆ ಓದಿದರು. ಹೆಸರು ಅಚ್ಚಾಗುವುದಿಲ್ಲ. ನೌಕರಿ ಉಳಿಯಿತು. ಕಂಬವನ್ನು ಬಿಟ್ಟು ನಿಧಾನವಾಗಿ ಕೂತರು.

“ಹೋಗ್ಲಿ ಬಿಡಿ” ಎಂದು ಕಾಮಾಕ್ಷಮ್ಮ ಕಾಫಿ ತಂದಿಟ್ಟರು.

ಈರಭದ್ರಪ್ಪ ಮಾತ್ರ ಇನ್ನೂ ಯೋಚಿಸುತ್ತಲೇ ಇದ್ದ.

“ಎಂಥಾ ಖದೀಮ ನೋಡಿ ಮೇಷ್ಟ್ರೆ” ಎಂದ ಕೊನೆಗೆ. “ನಿಮ್ಮ ಹೆಸರನ್ನೂ ಬಿಟ್ಟಿಲ್ವಲ್ಲ ಅವನು.”